ಒಂದೇ ದಿನ ಹಾಕಿದ ಪ್ಲಗ್‌ಗಳು ಬೇರೆ ಬೇರೆ ರೀತಿ ಸವೆಯುವುದೇಕೆ?

ಪ್ರಶ್ನೆ: ನನ್ನ ಹಳೆಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಕಾರಿನ ಸ್ಪಾರ್ಕ್ ಪ್ಲಗ್ ಬಿಚ್ಚಿಸಿದೆ. ಎರಡರಲ್ಲಿ ನಡುವಿನ ಕಡ್ಡಿ ಸವೆದಿದೆ, ಇನ್ನೆರಡರಲ್ಲಿ ಬಾಗಿದ ಪಟ್ಟಿ ಸವೆದಿದೆ. ಎಂಜಿನ್ ಕೆಟ್ಟಿದೆಯೇ? ಇರಿಡಿಯಮ್ ಪ್ಲಗ್ ಹಾಕಿಸಲೇ?

ಉತ್ತರ: ಗಾಬರಿ ಬೇಡ. ಎರಡೆರಡಾಗಿ ಹೀಗೆ ಸವೆಯುವುದು ಇಗ್ನಿಷನ್‌ನಿಂದ ಬರುವಂಥದ್ದು. ನಿಮ್ಮ ಕಾರಿನಲ್ಲಿ ಎರಡು ಸಿಲಿಂಡರ್‌ಗೆ ಒಂದು ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವ ಸುರುಳಿ) ಇರಬೇಕು. ಬಾನೆಟ್ ಎತ್ತಿ ನೋಡಿ. ಡಿಸ್ಟ್ರಿಬ್ಯೂಟರ್ (ಒಂದೇ ಕಾಯಿಲ್‌ನ ವಿದ್ಯುತ್ತನ್ನು ಸರದಿಯಂತೆ ಪ್ಲಗ್‌ಗಳಿಗೆ ಹಂಚುವ ಭಾಗ) ಇಲ್ಲದೆ, ಎರಡು ಕಾಯಿಲ್ ಸೇರಿಸಿದ ಒಂದು ಕಾಯಿಲ್ ಪ್ಯಾಕ್‌ನಿಂದ ನಾಲ್ಕು ಪ್ಲಗ್ ವೈರ್ ಹೊರಟಿದ್ದರೆ ಅದೇ. ಇದಕ್ಕೆ 'ವೇಸ್ಟ್ ಸ್ಪಾರ್ಕ್' (ದಂಡದ ಕಿಡಿ) ಎನ್ನುತ್ತಾರೆ.

ಸಾಮಾನ್ಯವಾಗಿ 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು. ವಿದ್ಯುತ್ ಒಂದು ಪ್ಲಗ್‌ನಲ್ಲಿ ಕಡ್ಡಿಯಿಂದ ಪಟ್ಟಿಗೆ ಹಾರುತ್ತದೆ. ಸಿಲಿಂಡರ್ ಹೆಡ್ ಮೂಲಕ ಸಾಗಿ, ಜೋಡಿ ಪ್ಲಗ್‌ನಲ್ಲಿ ಪಟ್ಟಿಯಿಂದ ಕಡ್ಡಿಗೆ ಹಾರಿ ಕಾಯಿಲ್‌ಗೆ ಮರಳುತ್ತದೆ. ಕಿಡಿ ಹಾರುವಾಗ ಪಾಸಿಟಿವ್ ಅಯಾನುಗಳು ನೆಗೆಟಿವ್ ಬದಿಗೆ ಬಡಿಯುತ್ತವೆ, ಲೋಹ ಅಲ್ಲೇ ಜಾಸ್ತಿ ಕಿತ್ತುಹೋಗುತ್ತದೆ. ಒಂದರಲ್ಲಿ ಆ ಬದಿ ಕಡ್ಡಿ, ಇನ್ನೊಂದರಲ್ಲಿ ಪಟ್ಟಿ.

ಕಿಡಿಗಳ ಲೆಕ್ಕವೂ ಜಾಸ್ತಿ. ಎಂಜಿನ್ ನಿಮಿಷಕ್ಕೆ 3000 ಸುತ್ತು (ಆರ್‌ಪಿಎಂ) ತಿರುಗುವಾಗ, ಎರಡು ಸುತ್ತಿಗೊಂದರಂತೆ ಒಂದು ಸಿಲಿಂಡರ್‌ಗೆ 1500 ಕಿಡಿ ಸಾಕು. ಇಲ್ಲಿ ಜೋಡಿಯ ಎರಡೂ ಪ್ಲಗ್ ಪ್ರತಿ ಸುತ್ತಿಗೂ ಒಟ್ಟಿಗೇ ಕಿಡಿ ಹೊಡೆಯುವುದರಿಂದ 3000 ಬೀಳುತ್ತವೆ. ಅರ್ಧದಷ್ಟು ಕಿಡಿ ಹೊಗೆ ಹೊರಹೋಗುವ ಹೊತ್ತಿನಲ್ಲಿ ಸುಮ್ನೆ ಹೊಡೆಯುವಂಥವು. ಆಗ ಒತ್ತಡ ಕಡಿಮೆ, ವೋಲ್ಟೇಜ್ ಕೂಡ ಕಡಿಮೆ ಸಾಕು. ಹಾಗಾಗಿ ಸವೆತ ನೇರವಾಗಿ ದುಪ್ಪಟ್ಟಾಗುವುದಿಲ್ಲ. ಒಂದೇ ಸಿಲಿಂಡರ್‌ನ ಬಹಳಷ್ಟು ಬೈಕ್‌ಗಳಲ್ಲೂ ಹೀಗೆ ಪ್ರತಿ ಸುತ್ತಿಗೂ ಕಿಡಿ ಬರುತ್ತದೆ.

ಇನ್ನು ಇರಿಡಿಯಮ್. ಕೊಳ್ಳುವ ಮುನ್ನ ಪಟ್ಟಿಯ ಕಡೆ ನೋಡಿ. ಕೆಲವು ದುಬಾರಿ ಪ್ಲಗ್‌ಗಳಲ್ಲಿ ಕಡ್ಡಿಯ ತುದಿಗೆ ಮಾತ್ರ ಇರಿಡಿಯಮ್, ಪಟ್ಟಿ ಮಾಮೂಲಿ ನಿಕಲ್. ಪ್ಲಗ್‌ಗೊಂದು ಕಾಯಿಲ್ ಇರುವ ಈಗಿನ ಕಾರುಗಳಿಗೆ ಅದು ನಡೆಯುತ್ತದೆ. ಅಲ್ಲಿ ಸಾಮಾನ್ಯವಾಗಿ ಕಡ್ಡಿಯೇ ನೆಗೆಟಿವ್. ನಿಮ್ಮದರಲ್ಲಿ ಎರಡು ಪ್ಲಗ್‌ಗಳ ಪಟ್ಟಿ ಬೇಗ ಸವೆದು, ಕೊಟ್ಟ ದುಡ್ಡು ದಂಡವಾಗುತ್ತದೆ. 'ಡಬಲ್ ಪ್ಲಾಟಿನಮ್' (ಕಡ್ಡಿ, ಪಟ್ಟಿ ಎರಡಕ್ಕೂ ಪ್ಲಾಟಿನಮ್ ಇರುವ ಪ್ಲಗ್) ಕೇಳಿ, ಇಲ್ಲವೇ ಪಟ್ಟಿಗೂ ಪ್ಲಾಟಿನಮ್ ಇರುವ ಇರಿಡಿಯಮ್ ತೆಗೆದುಕೊಳ್ಳಿ. ಅಷ್ಟು ಖರ್ಚು ಬೇಡವೆಂದರೆ ನಿಕಲ್ ಪ್ಲಗ್‌ಗಳೂ ಆಗುತ್ತವೆ, ಮ್ಯಾನ್ಯುಯಲ್‌ನಲ್ಲಿ ಹೇಳಿದ ಕಿಲೋಮೀಟರ್‌ಗೆ ತಪ್ಪದೆ ಬದಲಿಸಿದರಾಯಿತು. ಯಾವುದೇ ಹಾಕಿಸಿ, ಹೀಟ್ ರೇಂಜ್ (ಪ್ಲಗ್ ಎಷ್ಟು ಬೇಗ ಬಿಸಿ ಬಿಟ್ಟುಕೊಡುತ್ತದೆ ಎಂಬ ಅಳತೆ) ಮಾತ್ರ ಕಂಪನಿ ಹೇಳಿದ್ದೇ ಇರಲಿ.

ಸವೆದ ಪ್ಲಗ್‌ಗಳನ್ನು ಮತ್ತೆ ಹಾಕಿ ಓಡಿಸಬೇಡಿ. ಕಡ್ಡಿ, ಪಟ್ಟಿಗಳ ನಡುವಿನ ಗ್ಯಾಪ್ ಅಗಲವಾದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಮೊದಲು ದಿಬ್ಬ ಏರುವಾಗ ಮಿಸ್ಸಿಂಗ್ ಶುರುವಾಗುತ್ತದೆ. ಆಮೇಲೆ ಕಾಯಿಲ್, ಪ್ಲಗ್ ವೈರ್‌ಗಳ ಇನ್ಸುಲೇಷನ್ ಹೋಗುತ್ತದೆ. ಕಾಯಿಲ್ ಪ್ಯಾಕ್ ಬದಲಿಸುವುದು ನಾಲ್ಕು ಮಾಮೂಲಿ ಪ್ಲಗ್‌ಗಿಂತ ಎಷ್ಟೋ ದುಬಾರಿ.