ಗೋಧಿ ರಫ್ತಿಗೆ ಲೈಸೆನ್ಸ್ ಹುಡುಕೋ ಮೊದಲು ಕಾಳು ಕತ್ತರಿಸಿ ನೋಡಿ

ಹಿರಿಯೂರು ಕಡೆ ಎರೆ ಹೊಲ ಇದೆ, ಬೋರ್‌ವೆಲ್ ಇದೆ, ಮೆಕ್ಕೆಜೋಳ ಆದ ಮೇಲೆ ಡ್ಯೂರಮ್ ಗೋಧಿ (ರವೆ, ಶಾವಿಗೆಗೆ ಆಗುವ ಗಟ್ಟಿ ಕಾಳಿನ ಗೋಧಿ) ಹಾಕಿ ಗಲ್ಫ್‌ಗೆ ಕಳಿಸಬೇಕು, ಅದಕ್ಕೆ ಯಾವ ಲೈಸೆನ್ಸ್ ಬೇಕು ಅಂತ ಕೇಳಿದ್ದೀರಿ. ನಾನು ಜಗಳೂರು ತಾಲ್ಲೂಕಿನವನು. 2021ರ ಹಿಂಗಾರಿನಲ್ಲಿ ಇದೇ ಪ್ರಶ್ನೆ ಹಿಡಿದುಕೊಂಡು ಕಂಡಕಂಡವರನ್ನೆಲ್ಲ ಕೇಳಿದ್ದೆ.

ಆ ವರ್ಷ ದಾವಣಗೆರೆ ಮಾರ್ಕೆಟ್‌ಗೆ ಮೆಕ್ಕೆಜೋಳ ಹಾಕಲು ಹೋದಾಗ ಪರಿಚಯದ ದಲ್ಲಾಳಿ ಒಬ್ಬರು, "ಗೌಡ್ರೆ, ಈ ಸಲ ಡ್ಯೂರಮ್ ಹಾಕಿ. ಹೊರದೇಶಕ್ಕೆ ಕಳಿಸೋ ಪಾರ್ಟಿ ಕೇಳ್ತಿದ್ದಾರೆ, ಮಾಮೂಲಿ ಗೋಧಿಗಿಂತ ಜಾಸ್ತಿ ಕೊಡ್ತಾರೆ" ಅಂದರು. ಧಾರವಾಡದ ಕಡೆಯಿಂದ ಬೀಜ ತರಿಸಿ ಬಿತ್ತಿದೆ. ಬೆಳೆ ಚೆನ್ನಾಗಿಯೇ ಬಂತು. ಅಷ್ಟರಲ್ಲಿ ಫೆಬ್ರವರಿ ಕೊನೆಗೆ ರಷ್ಯಾ-ಉಕ್ರೇನ್ ಯುದ್ಧ ಶುರುವಾಯಿತು. ಜಗತ್ತಿಗೆ ಗೋಧಿ ಮಾರುವುದರಲ್ಲಿ ಎರಡೂ ದೊಡ್ಡ ದೇಶಗಳು, ರೇಟು ಏರಿಬಿಟ್ಟಿತು. ಬೆಂಬಲ ಬೆಲೆ ಕ್ವಿಂಟಲ್‌ಗೆ 2,015 ರೂಪಾಯಿ ಇತ್ತು. ವ್ಯಾಪಾರಿಗಳು ಅದಕ್ಕಿಂತ ಮೇಲೆ ಕೊಟ್ಟು ಒಯ್ಯುತ್ತಿದ್ದರು. ರಾಶಿ ಮುಗಿಸಿ ಚೀಲ ಹೊಲಿಸಿ ಇಟ್ಟಿದ್ದೆವು.

ಪಾರ್ಟಿ ಕಡೆಯವರು ಸ್ಯಾಂಪಲ್ ನೋಡಲು ಬಂದರು. ಒಂದು ಹಿಡಿ ಕಾಳನ್ನು ಪೇಪರ್ ಮೇಲೆ ಸುರುವಿಕೊಂಡರು. ಬಣ್ಣ, ಗಾತ್ರ ಯಾವುದನ್ನೂ ಹೊಗಳಲಿಲ್ಲ. ಜೇಬಿನಿಂದ ಬ್ಲೇಡು ತೆಗೆದು ಒಂದೊಂದೇ ಕಾಳನ್ನು ಅಡ್ಡ ಕತ್ತರಿಸಿ ಎರಡು ಸಾಲು ಮಾಡುತ್ತಾ ಹೋದರು. ಒಂದು ಸಾಲಿನ ಕಾಳು ಒಳಗೂ ಜೇನಿನ ಬಣ್ಣ, ಬಿಸಿಲಿಗೆ ಹಿಡಿದರೆ ಬೆಳಕು ಹಾಯುತ್ತಿತ್ತು. ಇನ್ನೊಂದು ಸಾಲಿನದು ಒಳಗೆಲ್ಲ ಸೀಮೆಸುಣ್ಣದ ಹಾಗೆ ಬೆಳ್ಳಗೆ, ಪುಡಿ ಪುಡಿ. ಎರಡೂ ಸಾಲು ಹೆಚ್ಚೂಕಡಿಮೆ ಸಮ ಇದ್ದವು. "ಇದು ರವೆ ಆಗಲ್ಲ, ಹಿಟ್ಟಾಗುತ್ತೆ" ಅಂತ ಹೇಳಿ ಎದ್ದು ಹೋದರು.

ಇದು ಯಾಕಾಯಿತು ಅನ್ನುವುದನ್ನು ಬಿಡಿಸಿ ಹೇಳಬೇಕು. ನೀವೂ ಮೆಕ್ಕೆಜೋಳದ ಹೊಲದಲ್ಲೇ ಹಾಕಬೇಕು ಅಂತಿದ್ದೀರಿ, ನನಗೆ ಪೆಟ್ಟು ಬಿದ್ದದ್ದೂ ಅಲ್ಲೇ. ಡ್ಯೂರಮ್‌ಗೆ ಬೆಲೆ ಬರುವುದು ಕಾಳು ಗಟ್ಟಿ ಇರುವುದಕ್ಕೆ. ಮಿಲ್ಲಿನಲ್ಲಿ ಒಡೆದರೆ ಹಿಟ್ಟಾಗದೆ ಹರಳು ಹರಳಾಗಿ ರವೆ ಬೀಳಬೇಕು. ನಮ್ಮ ಬನ್ಸಿ ರವೆ ಅದೇ. ಪಾಸ್ತಾ ಆಗಲಿ, ನಮ್ಮ ಶಾವಿಗೆ ಆಗಲಿ, ಬೆಂದಮೇಲೂ ಎಳೆ ಎಳೆಯಾಗಿ ನಿಲ್ಲುವುದು ಆ ರವೆಯಿಂದ. ಕಾಳಿಗೆ ಆ ಗಟ್ಟಿತನ ಪ್ರೋಟೀನಿನಿಂದ ಬರುತ್ತದೆ. ಪ್ರೋಟೀನು ಕಟ್ಟಲು ಕಾಳು ತುಂಬುವ ಹೊತ್ತಿಗೆ ಗಿಡದಲ್ಲಿ ಸಾರಜನಕ ಇರಬೇಕು. ಮೆಕ್ಕೆಜೋಳ ಸಾರಜನಕವನ್ನು ಜಾಸ್ತಿ ಎಳೆಯುವ ಬೆಳೆ. ಅದು ಬರಿದು ಮಾಡಿಟ್ಟ ನೆಲಕ್ಕೆ ನಾನು ಬಿತ್ತುವಾಗ ಒಂದಿಷ್ಟು ಗೊಬ್ಬರ ಕೊಟ್ಟೆ, ಅಷ್ಟೇ. ಹೊಡೆ ಬರುವ ಹೊತ್ತಿಗೆ, ಅಂದರೆ ತೆನೆ ಇನ್ನೂ ಗರಿಯೊಳಗೆ ಇರುವಾಗ, ಯೂರಿಯಾ ಮೇಲುಗೊಬ್ಬರ ಕೊಡಲಿಲ್ಲ. ಎರೆ ಭೂಮಿ, ಗಿಡ ಹಸಿರಾಗಿದೆ, ಸುಮ್ನೆ ಯಾಕೆ ಖರ್ಚು ಅಂದುಕೊಂಡೆ. ಅದೇ ದೊಡ್ಡ ತಪ್ಪು, ಬೆಳೆ ಕೆಟ್ಟದ್ದು ಮುಖ್ಯವಾಗಿ ಅದರಿಂದ. ಗಿಡ ಹಸಿರಾಗಿತ್ತು ನಿಜ, ಆದರೆ ಕಾಳಿಗೆ ಇಳಿಸುವಷ್ಟು ಸಾರಜನಕ ಅದರಲ್ಲಿ ಉಳಿದಿರಲಿಲ್ಲ. ಹಾಲುಗಾಳು (ಕಾಳಿನೊಳಗೆ ಹಾಲು ತುಂಬಿರುವ ಹಂತ) ದಾಟಿದ ಮೇಲೂ ನೀರು ಬಿಟ್ಟಿದ್ದರಿಂದ ಬಿಳಿ ಕಾಳು ಇನ್ನಷ್ಟು ಹೆಚ್ಚಾಯಿತು. ಸಾರಜನಕ ಇಲ್ಲದ ಕಾಳಿಗೆ ನೀರು ಸಿಕ್ಕರೆ ಬರೀ ಪಿಷ್ಟ ತುಂಬಿಕೊಂಡು ದಪ್ಪ ಆಗುತ್ತದೆ. ನೋಡಲು ಚೆಂದ, ತೂಕವೂ ಬರುತ್ತದೆ, ಒಳಗೆ ಗಟ್ಟಿ ಇರುವುದಿಲ್ಲ. ಹೊಲದ ಬದುವಿನ ಮೇಲೆ ಹೋದವರೆಲ್ಲ ಹೊಗಳಿದ್ದು ಆ ದಪ್ಪ ಕಾಳನ್ನೇ.

ಕೊನೆಗೆ ಮಾಮೂಲಿ ಗೋಧಿಗಿಂತ ಕಡಿಮೆಗೆ ಕೊಟ್ಟೆ. ಡ್ಯೂರಮ್ ಹಿಟ್ಟಿನ ಚಪಾತಿ ಬಿರುಸು, ಚಪಾತಿಗೆ ಒಯ್ಯುವವರು ಅದನ್ನು ಮುಟ್ಟಲಿಲ್ಲ.

ಕಾಳು ಚೆನ್ನಾಗಿದ್ದರೂ ರಫ್ತು ನಮ್ಮ ಕೈಯಲ್ಲಿ ಇರಲಿಲ್ಲ ಬಿಡಿ. ಆ ಮಾರ್ಚ್‌ನ ಬಿಸಿಲಿಗೆ ಉತ್ತರ ಭಾರತದಲ್ಲಿ ಕಾಳು ಸುಕ್ಕಿ ಇಳುವರಿ ಕುಸಿಯಿತು. 2022ರ ಮೇ 13ಕ್ಕೆ ಕೇಂದ್ರ ಸರ್ಕಾರ ಗೋಧಿ ರಫ್ತು ನಿಲ್ಲಿಸಿತು. ಅದಾಗಲೇ ಎಲ್‌ಸಿ (ಹಣಕ್ಕೆ ಬ್ಯಾಂಕ್ ಕೊಡುವ ಖಾತರಿ ಪತ್ರ) ತೆರೆದಿದ್ದ ಮಾಲು, ಸರ್ಕಾರದಿಂದ ಸರ್ಕಾರಕ್ಕೆ ಹೋಗುವ ಮಾಲು, ಇವಕ್ಕೆ ಮಾತ್ರ ದಾರಿ ಬಿಟ್ಟರು. ಆಗಸ್ಟ್‌ನಲ್ಲಿ ಹಿಟ್ಟು, ಮೈದಾ, ರವೆಗೂ ಕಡಿವಾಣ ಬಿತ್ತು. 2021-22ರಲ್ಲಿ ದೇಶದಿಂದ ಸುಮಾರು 70 ಲಕ್ಷ ಟನ್ ಹೋಗಿತ್ತು, ಅರ್ಧಕ್ಕಿಂತ ಹೆಚ್ಚು ಬಾಂಗ್ಲಾದೇಶಕ್ಕೆ. ಅಂಥ ವರ್ಷ ಅಪರೂಪ. ಚೀನಾ ಬಿಟ್ಟರೆ ಅತಿ ಹೆಚ್ಚು ಗೋಧಿ ಬೆಳೆಯುವವರು ನಾವೇ, ಆದರೆ ಹೆಚ್ಚಿನದನ್ನು ತಿನ್ನುವವರೂ ನಾವೇ. ಸುಮಾರು 80 ಕೋಟಿ ಜನರ ರೇಷನ್ನಿಗೆ ಅಕ್ಕಿ ಜೊತೆ ಗೋಧಿಯೂ ಬೇಕು. ಬೆಂಬಲ ಬೆಲೆ ಇರುವುದರಿಂದ ಎಷ್ಟೋ ವರ್ಷ ನಮ್ಮ ರೇಟು ಹೊರಗಿನ ರೇಟಿಗಿಂತ ಮೇಲೇ ಇರುತ್ತದೆ. ನೀವು ಬಿತ್ತುವುದು ನವೆಂಬರ್‌ನಲ್ಲಿ, ಮಾರುವುದು ಮಾರ್ಚ್‌ನಲ್ಲಿ. ನಡುವೆ ದೆಹಲಿಯಿಂದ ಒಂದು ಆದೇಶ ಬಂದರೆ ಏನು ಮಾಡುತ್ತೀರಿ?

ಲೈಸೆನ್ಸ್ ವಿಷಯ ಕೇಳಿದಿರಲ್ವಾ, ಸರ್ಕಾರ ರಫ್ತಿಗೆ ಬಿಟ್ಟಿದ್ದರೆ ಅದು ಕಷ್ಟ ಇಲ್ಲ. ಐಇಸಿ ನಂಬರ್ (ಆಮದು-ರಫ್ತು ಮಾಡುವವರಿಗೆ ಕೊಡುವ ಕೋಡ್), ಅಪೇಡಾ (ಕೃಷಿ ಉತ್ಪನ್ನಗಳ ರಫ್ತು ನೋಡಿಕೊಳ್ಳುವ ಕೇಂದ್ರ ಸಂಸ್ಥೆ) ನೋಂದಣಿ, ಮಾಲು ಹೊರಡುವಾಗ ರೋಗ-ಕೀಟ ಇಲ್ಲ ಅನ್ನುವ ಫೈಟೋಸ್ಯಾನಿಟರಿ ಸರ್ಟಿಫಿಕೇಟು. ಕಷ್ಟ ಇರುವುದು ಮಾಲಿನಲ್ಲಿ. 20 ಅಡಿ ಕಂಟೇನರ್ ಒಂದಕ್ಕೆ ಸುಮಾರು 25 ಟನ್ ಹಿಡಿಯುತ್ತದೆ. ಅಷ್ಟೂ ಒಂದೇ ತಳಿ, ಒಂದೇ ಗುಣ ಇರಬೇಕು, ತೇವಾಂಶ ಹೆಚ್ಚೆಂದರೆ ಶೇಕಡಾ 12ರ ಆಸುಪಾಸು. ನಾಲ್ಕು ಜನರ ಹೊಲದ ಕಾಳು ಬೆರೆಸಿದರೆ ಬ್ಲೇಡಿನ ಮುಂದೆ ಸಿಕ್ಕಿಬೀಳುತ್ತದೆ.

ಹಾಗಾಗಿ ನನ್ನ ಮಾತು ಕೇಳುವುದಾದರೆ ಗಲ್ಫ್ ಬಿಟ್ಟುಬಿಡಿ. ಯಾವ ಅಡುಗೆಗೆ ಬೆಳೆಯುತ್ತೇನೆ ಅಂತ ಮೊದಲು ನಿರ್ಧಾರ ಮಾಡಿ. ಬ್ರೆಡ್ಡಿಗೆ ಅಂಟು ಜಾಸ್ತಿ ಇರುವ ಗೋಧಿ ಬೇಕು, ಬಿಸ್ಕೆಟ್ಟಿಗೆ ಅಂಟು ಕಡಿಮೆ ಇರುವ ಮೆತ್ತನೆ ಗೋಧಿ ಬೇಕು. ಗೋಧಿ ಹುಗ್ಗಿಗೆ ನಮ್ಮ ಕಡೆ ಇವತ್ತಿಗೂ ಜವೆ ಗೋಧಿಯನ್ನೇ ಹುಡುಕುತ್ತಾರೆ. ಅದು ಸಿಪ್ಪೆ ಬಿಡುವುದಿಲ್ಲ, ಬೇರೆ ಮಿಲ್ಲಿಗೆ ಹಾಕಿಸಬೇಕು, ಆದರೆ ಕೇಳುವವರು ಇದ್ದೇ ಇದ್ದಾರೆ. ಡ್ಯೂರಮ್ ಆದರೆ ರವೆ ಮಿಲ್ಲು, ಶಾವಿಗೆ ಮಾಡುವವರು. ನಮ್ಮ ದುರ್ಗ, ದಾವಣಗೆರೆಯಲ್ಲಿ ಬೇಸಿಗೆ ಬಂತು ಅಂದರೆ ಶಾವಿಗೆ ಹೊಸೆಯದ ಬೀದಿ ಯಾವುದಿದೆ ಹೇಳಿ?

ಮುಂದಿನ ಹಿಂಗಾರಿಗೆ ಅದೇ ಹೊಲಕ್ಕೆ ಡ್ಯೂರಮ್ಮನ್ನೇ ಹಾಕಿದೆ. ಯೂರಿಯಾ ಭಾಗ ಮಾಡಿ, ಒಂದು ಪಾಲನ್ನು ಹೊಡೆ ಹೊತ್ತಿಗೆ ನೀರಿನ ಜೊತೆ ಕೊಟ್ಟೆ. ಹಾಲುಗಾಳಿಗೆ ಕೊನೆ ನೀರು, ಆಮೇಲೆ ಬಂದ್. ಕಾಳು ಸ್ವಲ್ಪ ಸಣ್ಣ ಬಂತು, ಕತ್ತರಿಸಿದರೆ ಬಿಳಿ ಸಿಕ್ಕಿದ್ದು ಅಲ್ಲೊಂದು ಇಲ್ಲೊಂದು. ದಾವಣಗೆರೆಯಲ್ಲಿ ಮನೆಯಲ್ಲೇ ಶಾವಿಗೆ ಮಾಡಿ ಮಾರುವ ಅಕ್ಕ ಒಬ್ಬರಿಗೆ ಸ್ಯಾಂಪಲ್ ಕೊಟ್ಟೆ. ರವೆ ಮಾಡಿಸಿ, ಕಲಸಿ, ಎಳೆ ತೆಗೆದು ಕೋಲಿನ ಮೇಲೆ ಒಣಗಲು ಹಾಕಿದರು. "ಒಂದೆಳೆನೂ ಹರೀಲಿಲ್ಲ ಅಣ್ಣ, ಎಷ್ಟಿದ್ರೂ ಕಳ್ಸು" ಅಂದರು. ಅವರೇ ಇನ್ನೂ ಕೆಲವರಿಗೆ ಹೇಳಿದರು. ಮಾರ್ಕೆಟ್ ರೇಟಿಗಿಂತ ಮೇಲೆಯೇ ಹೋಯಿತು, ದಲ್ಲಾಳಿ ಕಮಿಷನ್ ಇಲ್ಲದೆ.

ಬಿತ್ತುವ ಮೊದಲೇ ಹತ್ತಿರದ ರವೆ ಮಿಲ್ಲಿನವರನ್ನು ಒಮ್ಮೆ ಮಾತಾಡಿಸಿ ಬನ್ನಿ. ಸುಗ್ಗಿ ಆದ ಮೇಲೆ ಚೀಲ ಹೊಲಿಸುವ ಮುಂಚೆ ನೂರು ಕಾಳು ಎಣಿಸಿ ಕತ್ತರಿಸಿ, ಬಿಳಿ ಎಷ್ಟು ಅಂತ ಲೆಕ್ಕ ಹಾಕಿ. ಆ ಲೆಕ್ಕ ಹೇಳಿಯೇ ರೇಟು ಮಾತಾಡಿ. ಈ ಸಲ ಮೆಕ್ಕೆಜೋಳಕ್ಕೆ ಎಷ್ಟು ಗೊಬ್ಬರ ಕೊಟ್ಟಿದ್ದಿರಿ, ಮಣ್ಣು ಪರೀಕ್ಷೆ ಮಾಡಿಸಿದ್ದೀರಾ ಅಂತ ಕೆಳಗೆ ಬರೆಯಿರಿ. ಅದು ಗೊತ್ತಾದರೆ ಹೊಡೆ ಹೊತ್ತಿಗೆ ಎಷ್ಟು ಯೂರಿಯಾ ಉಳಿಸಿಕೊಳ್ಳಬೇಕು ಅನ್ನುವುದನ್ನು ಕೂತು ಲೆಕ್ಕ ಹಾಕೋಣ.