ಕಡಲತೀರದ ಉಪ್ಪುಗಾಳಿಯಿಂದ ಕ್ಯಾಮೆರಾ ಕಾಪಾಡುವುದು ಹೇಗೆ?

ಮಲ್ಪೆ, ಗೋಕರ್ಣದ ಕಡೆ ಫೋಟೊ ತೆಗೆಯುವಾಗ ಅಲೆಗಿಂತ ಹೆಚ್ಚು ಕಾಡುವುದು ಕಣ್ಣಿಗೆ ಕಾಣದ ಉಪ್ಪಿನ ತುಂತುರು. ನೀರು ಆರಿದರೂ ಉಪ್ಪು ಅಲ್ಲೇ ಉಳಿಯುತ್ತದೆ. ಗಾಳಿಯ ತೇವಾಂಶ ಸುಮಾರು 75% ದಾಟಿತೆಂದರೆ ಅದು ತೇವ ಹೀರಿ ಮತ್ತೆ ಕರಗುತ್ತದೆ. ಹಾಟ್ ಶೂ (ಫ್ಲ್ಯಾಶ್ ಸಿಕ್ಕಿಸುವ ಜಾಗ), ಲೆನ್ಸ್ ಮೌಂಟ್ (ಲೆನ್ಸ್ ಕೂರುವ ಬಳೆ), ಸ್ಕ್ರೂಗಳಿಗೆ ತುಕ್ಕು ಹಿಡಿಯುವುದು ಹೀಗೆ. ಆದ್ದರಿಂದ ಸ್ವಚ್ಛತೆ ಅದೇ ರಾತ್ರಿ ಆಗಬೇಕು, ಊರಿಗೆ ಬಂದ ಮೇಲಲ್ಲ.

ದಡದಲ್ಲಿ ಲೆನ್ಸ್ ಬದಲಿಸಲೇಬೇಡಿ. ಲೆನ್ಸ್ ಮುಂದೆ ಯುವಿ ಫಿಲ್ಟರ್ (ಕಾಪಾಡುವ ಪಾರದರ್ಶಕ ಗಾಜು) ಇರಲಿ. ಪ್ಲಾಸ್ಟಿಕ್ ಚೀಲಕ್ಕೆ ತೂತು ಮಾಡಿ, ಲೆನ್ಸ್ ಹುಡ್‌ಗೆ (ಲೆನ್ಸ್ ತುದಿಯ ನೆರಳು ಕೊಳವೆ) ರಬ್ಬರ್ ಬ್ಯಾಂಡ್‌ನಿಂದ ಬಿಗಿದರೆ ದುಬಾರಿ ಕವರ್ ಇಲ್ಲದೆಯೂ ತುಂತುರು ತಡೆಯಬಹುದು.

ರೂಮಿಗೆ ಬಂದು ಕ್ಯಾಮೆರಾ ಆಫ್ ಮಾಡಿ, ಮೊದಲು ಬ್ಲೋವರ್‌ನಿಂದ (ಒತ್ತಿ ಗಾಳಿ ಊದುವ ರಬ್ಬರ್ ಬುರುಡೆ) ಮರಳು ಹಾರಿಸಿ. ಒಣ ಬಟ್ಟೆಯಿಂದ ನೇರ ಉಜ್ಜಿದರೆ ಮರಳು, ಉಪ್ಪಿನ ಹರಳು ಗಾಜಿನ ಕೋಟಿಂಗ್ ಗೀರುತ್ತವೆ. ಸಿಹಿನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಬಾಡಿ ಒರೆಸಿ, ಇನ್ನೊಂದು ಒಣ ಬಟ್ಟೆಯಿಂದ ತೇವ ತೆಗೆಯಿರಿ. ಸ್ಪಿರಿಟ್ ಬೇಡ, ಉಪ್ಪು ಕರಗುವುದು ನೀರಿನಲ್ಲೇ. ಟ್ರೈಪಾಡ್ ಕಾಲುಗಳನ್ನು ನಲ್ಲಿಯಡಿ ತೊಳೆದು, ಬಿಚ್ಚಿಟ್ಟೇ ಒಣಗಿಸಿ.

ಎಸಿ ರೂಮಿನಿಂದ ಹೊರಡುವಾಗ ಕ್ಯಾಮೆರಾವನ್ನು ಜಿಪ್ ಚೀಲಕ್ಕೆ ಹಾಕಿ, ಹೊರಗೆ ಬಂದ ಮೇಲೆ ಅರ್ಧ ಗಂಟೆ ಅದರಲ್ಲೇ ಬಿಡಿ, ಇಲ್ಲದಿದ್ದರೆ ಲೆನ್ಸ್ ಮಂಜಾಗುತ್ತದೆ. ಸಮುದ್ರಕ್ಕೇ ಬಿದ್ದರೆ? ಬ್ಯಾಟರಿ ತೆಗೆಯಿರಿ, ಆನ್ ಮಾಡಿ ನೋಡಬೇಡಿ, ನೇರ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ತೇವ ಹೀರಲೆಂದು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟರೂ ಅದು ಉಪ್ಪನ್ನು ತೆಗೆಯುವುದಿಲ್ಲ.