ಚೀನಾ ಪ್ಲಾಸ್ಟಿಕ್ ಆಟಿಕೆ ಇಷ್ಟು ಅಗ್ಗವಾಗಿ ಸಿಗುವಾಗ ಚನ್ನಪಟ್ಟಣದ ಗೊಂಬೆ ಕುಶಲಕರ್ಮಿಗಳು ಯಾಕೆ ಕಸುಬು ಬಿಡಲ್ಲ?

ಬಿಟ್ಟವರೂ ಬೇಕಾದಷ್ಟು ಜನ ಇದ್ದಾರೆ. ಉಳಿದವರನ್ನು ಹಿಡಿದಿಟ್ಟಿರುವುದು ಸುಮ್ನೆ ಪರಂಪರೆಯ ಮೇಲಿನ ಪ್ರೀತಿ ಅಲ್ಲ, ಆ ಕೈಚಳಕಕ್ಕೆ ಬೇರೆ ಕಡೆ ಬೆಲೆ ಇಲ್ಲ, ಆದರೆ ಇಲ್ಲಿ ಅದರಿಂದ ಏನು ಬೇಕಾದರೂ ಮಾಡಬಹುದು.

ಕೆಲಸ ನೋಡಿದರೆ ಗೊತ್ತಾಗುತ್ತದೆ. ಚೆನ್ನಾಗಿ ಒಣಗಿಸಿದ ಆಲೆ ಮರದ ತುಂಡನ್ನು ಲೇತ್‌ಗೆ ಹಾಕಿ ತಿರುಗಿಸುತ್ತಾ ಉಳಿಯಿಂದ ಕಡೆಯುತ್ತಾರೆ, ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಉಜ್ಜುವ ಬಿಸಿಗೇ ಅರಗು ಕರಗಿ ಅಂಟಿಕೊಳ್ಳುತ್ತದೆ. ಕೊನೆಗೆ ತಾಳೆಗರಿ ಹಿಡಿದರೆ ಹೊಳಪು. ಎಷ್ಟು ಒತ್ತಬೇಕು ಅನ್ನುವುದು ಪುಸ್ತಕ ಓದಿದರೆ ಬರಲ್ಲ, ವರ್ಷಗಟ್ಟಲೆ ಕೂತೇ ಕಲಿಯಬೇಕು. ಅಷ್ಟು ಕಲಿತವನು ಗಾರ್ಮೆಂಟ್ಸ್‌ಗೆ ಹೋದರೆ ಮತ್ತೆ ಅ ಆ ಇ ಈಯಿಂದ ಶುರು ಮಾಡಬೇಕು, ಅಲ್ವಾ?

ಲೇತ್ ಮುಂದೆ ಕೂತರೆ ಅದೇ ಕೈ ಬುಗುರಿ ಬಿಟ್ಟು ಬಳೆ, ಕೀಚೈನ್, ಪರದೆಯ ಉಂಗುರ, ಯಾವುದಕ್ಕೆ ಆರ್ಡರ್ ಬಂದರೆ ಅದನ್ನು ಕಡೆಯುತ್ತದೆ. ಆಟಿಕೆಗೆ ಗಿರಾಕಿ ಕಡಿಮೆಯಾದ ಕಾಲದಲ್ಲಿ ಅನೇಕರು ಬದುಕಿದ್ದು ಹೀಗೆಯೇ. 2020ರಲ್ಲಿ ಆಮದು ಆಟಿಕೆಗಳ ಸುಂಕ 20ರಿಂದ 60 ಪರ್ಸೆಂಟ್‌ಗೆ ಏರಿದ್ದೂ ಸ್ವಲ್ಪ ಉಸಿರು ಕೊಟ್ಟಿರಬಹುದು. ಜಿಐ ಟ್ಯಾಗ್ (ಬೇರೆ ಕಡೆಯ ಗೊಂಬೆಗೆ ಚನ್ನಪಟ್ಟಣದ ಹೆಸರು ಬಳಸದಂತೆ ಕಾಯುವ ಸರ್ಕಾರಿ ಗುರುತು) ಬಗ್ಗೆ ಎಲ್ಲರೂ ಹೇಳುತ್ತಾರೆ, ಆದರೆ ನನ್ನ ಪ್ರಕಾರ ತಿಂಗಳ ಖರ್ಚು ತೂಗಿಸುವುದು ಟ್ಯಾಗ್ ಅಲ್ಲ, ಮುಂದಿನ ಆರ್ಡರ್.